ಬಾನೆಟ್ ತೆಗೆದವರು ಯಾರು

ಗಾಡಿಗಳ ವೈರಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ನನ್ನ ಮನೆಗೆ ಬಂದು, "ಕಾಕಾ, ನಿಮ್ಮ ಕಾಲದ್ದು ಏನಾರ ಹೇಳ್ರಿ" ಅನ್ನುತ್ತಾರೆ. ಅವರಿಗೆ ಬೇಕಾದದ್ದು ಯಾವ ಗಾಡಿಯಲ್ಲಿ ಯಾವ ತಂತಿ ಎಲ್ಲಿ ಹೋಗಿದೆ ಎಂಬ ಗುಟ್ಟು. ಅದೆಲ್ಲ ಈಗ ಫೋನಿನಲ್ಲೇ ಸಿಗುತ್ತದೆ, ಅದಕ್ಕಾಗಿ ನಮ್ಮ ಮನೆಯ ಚಹಾ ಕುಡಿಯುವ ಕಷ್ಟ ಯಾಕೆ? ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮೂವತ್ತೆಂಟು ವರ್ಷ ಅಂಗಡಿ ನಡೆಸಿ, ಕಣ್ಣು ಮಂಜಾದ ಮೇಲೆ ಶಟರ್ ಎಳೆದವನು ನಾನು. ಎಷ್ಟು ಗಾಡಿ ರಿಪೇರಿ ಮಾಡಿದೆ ಎಂದು ಹೇಳಿಕೊಂಡು ಮೀಸೆ ತಿರುವುವ ಆಸೆ ನನಗಿಲ್ಲ. ನನ್ನ ಬಾಯಿಂದ ಬಿದ್ದ ಒಂದೇ ಒಂದು ಮಾತಿಗೆ ಒಬ್ಬ ಒಳ್ಳೆಯ ಡ್ರೈವರ್ ಕಳ್ಳನೆನಿಸಿಕೊಂಡ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು. ಹೇಳುವುದಿದ್ದರೆ ಅದನ್ನೇ ಹೇಳಬೇಕು.

ನಾನು ಕೆಲಸ ಕಲಿತದ್ದು ರೋಜಾ ಬಡಾವಣೆಯ ಹತ್ತಿರ, ಖಾಜಾಮಿಯಾ ಉಸ್ತಾದರ ಅಂಗಡಿಯಲ್ಲಿ. ಉಸ್ತಾದರ ಬಳಿ ಇದ್ದ ಹತ್ಯಾರಗಳು ಎಣಿಸಿದರೆ ಒಂದು ಚೀಲಕ್ಕೆ ಸಾಕಾಗುತ್ತಿರಲಿಲ್ಲ. ಎರಡು ತಂತಿ ಕಟ್ಟಿದ ಒಂದು ಬಲ್ಬು, ಒಂದು ಇಕ್ಕಳ, ಬೆಸುಗೆ ಹಾಕುವ ಒಂದು ಕಬ್ಬಿಣ. ಬಲ್ಬು ಹತ್ತಿದರೆ ಕರೆಂಟ್ ಇದೆ, ಹತ್ತದಿದ್ದರೆ ಇಲ್ಲ. ಅವರು ಸಿಟ್ಟಿನ ಮನುಷ್ಯ. ತಪ್ಪು ಮಾಡಿದರೆ ಬೈಗುಳ ಉರ್ದುವಿನಲ್ಲಿ, ತಿಳಿಸಿ ಹೇಳುವುದು ಕನ್ನಡದಲ್ಲಿ. ಹಾಗಾಗಿ ನನಗೆ ಉರ್ದು ಬೇಗ ಬಂತು.

ಒಮ್ಮೆ ಒಂದು ಲಾರಿ ಬಂತು. ದಿನಾ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ ಎಂಬುದು ದೂರು. ಕೆಲಸ ಕಲಿತೆನೆಂಬ ಸೊಕ್ಕಿನಲ್ಲಿ ನಾನೊಬ್ಬನೇ ಅದಕ್ಕೆ ಕೈ ಹಾಕಿದೆ. ಡೈನಮೋ ಬಿಚ್ಚಿದೆ, ಬ್ರಶ್ ಬದಲಿಸಿದೆ, ಅಡಿಯಲ್ಲಿ ಮಲಗಿ ತಂತಿಗಳನ್ನೆಲ್ಲ ಜಾಲಾಡಿದೆ. ಎರಡು ದಿನ ಹೋಯಿತು. ಮೂರನೆಯ ದಿನ ಉಸ್ತಾದರು ಬಂದು ಡ್ರೈವರ್ ಪಕ್ಕ ಕುಳಿತು ಬೀಡಿ ಹಚ್ಚಿ, ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಏನೇನು ಮಾಡುತ್ತೀಯ ಎಂದು ಕೇಳಿದರು. ಅವನು, ಕ್ಯಾಬಿನ್ನಿನ ದೇವರ ಫೋಟೋಕ್ಕೆ ಸುತ್ತಿದ ಸಣ್ಣ ದೀಪದ ಸರ ಹಚ್ಚಿ ಕೈಮುಗಿದು ಮಲಗುತ್ತೇನೆ ಎಂದ. ಆರಿಸುತ್ತೀಯಾ ಎಂದು ಕೇಳಿದರೆ, ದೇವರ ದೀಪ ಯಾರಾದರೂ ಆರಿಸುತ್ತಾರೆಯೇ ಎಂದು ಅವನೇ ಉಸ್ತಾದರಿಗೆ ತಿರುಗಿ ಕೇಳಿದ. ಉಸ್ತಾದರು ನನ್ನ ತಲೆಯ ಮೇಲೊಂದು ಬಿಟ್ಟು ಹೇಳಿದರು: "ಗಾಡಿಗಿ ಬಾಯಿ ಇಲ್ಲ ಬೇಟಾ, ಡ್ರೈವರ್‌ಗ ಅದ. ಮೊದಲ ಅವನಿಗಿ ಕೇಳು." ನಾನು ತಲೆ ಉಜ್ಜಿಕೊಂಡು ನಕ್ಕೆ. ಪಾಠ ಕಲಿತೆ ಎಂದೇ ಅಂದುಕೊಂಡಿದ್ದೆ.

ಆಮೇಲೆ ನಾನು ಸ್ವಂತ ಅಂಗಡಿ ಹಾಕಿದೆ. ಬಲ್ಬಿನ ಜಾಗಕ್ಕೆ ಮೀಟರ್ ಬಂತು, ಮೀಟರಿನ ಹಿಂದೆ ಸ್ಕ್ಯಾನರ್ ಬಂತು. ಗಾಡಿಗೆ ಒಂದು ವೈರ್ ಸಿಕ್ಕಿಸಿದರೆ ಯಾವ ಭಾಗ ಕೆಟ್ಟಿದೆ ಎಂದು ಪರದೆಯ ಮೇಲೆ ಬರೆದು ಬರತೊಡಗಿತು. ಗಿರಾಕಿಗಳು ನನ್ನ ಮಾತಿಗಿಂತ ಪರದೆಯನ್ನು ಹೆಚ್ಚು ನಂಬಿದರು. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದೆ. ಡ್ರೈವರ್ ಜೊತೆ ಕುಳಿತು ಮಾತಾಡಲು ಹತ್ತು ನಿಮಿಷ ಬೇಕು, ಪರದೆಗೆ ಹತ್ತು ಸೆಕೆಂಡ್ ಸಾಕು.

ನಡುವೆ ಒಂದು ಕಾಲದಲ್ಲಿ ಕಳ್ಳರ ಅಲಾರಂ ಹಾಕಿಸುವ ಹುಚ್ಚು ಊರಿಗೆಲ್ಲ ಹತ್ತಿತ್ತು. ಕಾರು ಕೊಂಡವರೆಲ್ಲ ಅಂಗಡಿಗೆ ಬಂದು, "ಮಿಸ್ತ್ರಿ, ಮುಟ್ಟಿದ್ರ ಹೊಯ್ಕೋಬೇಕು, ಹಂಗ ಮಾಡ್ರಿ" ಅನ್ನುತ್ತಿದ್ದರು. ಅದರ ಲೆಕ್ಕ ಸರಳ. ಸ್ಟೇರಿಂಗ್ ಕೆಳಗೆ ಒಂದು ಡಬ್ಬಿ. ಬಾಗಿಲುಗಳಿಗೆ ಒಂದೊಂದು ತಂತಿ. ಬಾನೆಟ್ ಅಂಚಿನ ಕೆಳಗೆ ಒತ್ತಿದರೆ ಒಳಗೆ ಹೋಗುವ ಒಂದು ಸಣ್ಣ ಪಿನ್ ಸ್ವಿಚ್. ಬಾನೆಟ್ ಮುಚ್ಚಿದ್ದಾಗ ಪಿನ್ ಒತ್ತಿಕೊಂಡಿರುತ್ತದೆ, ತೆಗೆದರೆ ಮೇಲೆ ಏಳುತ್ತದೆ. ಎದ್ದ ಕೂಡಲೇ ಡಬ್ಬಿಗೆ ಸುದ್ದಿ ಹೋಗಿ ಸೈರನ್ ಹೊಯ್ದುಕೊಳ್ಳುತ್ತದೆ, ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿಗೆ ಕರೆಂಟ್ ನಿಲ್ಲುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಯಾವ ಕಡೆಯಿಂದ ಕೈ ಹಾಕಿದ್ದಾರೆ ಎಂಬುದನ್ನು ಕೆಂಪು ದೀಪ ಮಿಟುಕಿಸಿ ಹೇಳುತ್ತದೆ: ಬಾಗಿಲಾದರೆ ಎರಡು ಸಲ, ಬಾನೆಟ್ಟಾದರೆ ಮೂರು ಸಲ. ದಿನಕ್ಕೆ ನಾಲ್ಕು ಗಾಡಿಗೆ ಹಾಕಿದ್ದೂ ಉಂಟು. ಅಷ್ಟು ಅವಸರದಲ್ಲಿ ಮಾಡಿದ ಕೆಲಸ ಹೇಗಿರುತ್ತದೋ ಹಾಗೇ ಇತ್ತು.

ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಶಿವಶರಣಪ್ಪ ಸಾಹುಕಾರರ ಜೀಪಿಗೂ ನಾನೇ ಅಲಾರಂ ಹಾಕಿದ್ದೆ. ಹನ್ನೆರಡು ವರ್ಷ ಅದು ಒಂದು ದಿನವೂ ತಕರಾರು ಮಾಡಲಿಲ್ಲ. ಆ ಜೀಪಿನ ಡ್ರೈವರ್ ಅಂಬಾರಾಯ, ಕಮಲಾಪುರದವನು. ದಿನಾ ಮೊದಲ ಬಸ್ಸಿಗೆ ಕಲಬುರಗಿಗೆ ಬಂದು ಸಂಜೆ ವಾಪಸು ಹೋಗುತ್ತಿದ್ದ. ಮಾತು ಕಡಿಮೆ. ಜೀಪನ್ನು ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಬೇರೆಯವರು ಬಾಗಿಲು ಜೋರಾಗಿ ಹಾಕಿದರೆ ತನ್ನ ಕೆನ್ನೆಗೆ ಹೊಡೆದಂತೆ ಮುಖ ಮಾಡುತ್ತಿದ್ದ. ಒಂಬತ್ತು ವರ್ಷ ಅವನು ಆ ಮನೆಯ ಗಾಡಿಯ ಚಾವಿ ಹಿಡಿದಿದ್ದ.

ಒಂದು ಬೆಳಿಗ್ಗೆ ಸಾಹುಕಾರರ ಫೋನ್ ಬಂತು. ಹೋಗಿ ನೋಡಿದರೆ ಗಂಜ್ ತುಂಬ ಗಾಡಿ, ಹಮಾಲರು, ಚೀಲಗಳು. ನಡುವೆ ಆ ಜೀಪು ಹೊಯ್ದುಕೊಳ್ಳುತ್ತಿದೆ. ಅಂಬಾರಾಯ ರಿಮೋಟ್ ಒತ್ತಿದರೆ ಒಂದು ಗಳಿಗೆ ಸುಮ್ಮನಾಗಿ ಮತ್ತೆ ಸುರು. ಸೆಲ್ಫ್ ಹೊಡೆದರೆ ಟಕ್ ಎಂಬ ಸದ್ದೂ ಇಲ್ಲ. ನಾನು ಒಳಗೆ ಕುಳಿತು ಕೆಂಪು ದೀಪ ನೋಡಿದೆ. ಮೂರು ಸಲ ಮಿಟುಕಿತು. ಇಳಿದು ಬಂದು, ಸುತ್ತ ನಿಂತ ಅಷ್ಟೂ ಮಂದಿಗೆ ಕೇಳುವಂತೆ ಹೇಳಿದೆ: "ಬಾನೆಟ್ ಯಾರೋ ತೆಗದಾರ್ರಿ ಸಾವ್ಕಾರ್ರ."

ಆ ಹೊತ್ತಿಗೆ ಆ ಮಾತು ಎಂಥದ್ದು ಎಂಬುದು ನನಗೆ ಗೊತ್ತಿರಬೇಕಿತ್ತು. ಹಿಂದಿನ ವಾರವಷ್ಟೇ ಗಂಜ್‌ನಲ್ಲಿ ಇನ್ನೊಬ್ಬ ವ್ಯಾಪಾರಿಯ ಗಾಡಿಯಿಂದ ಬ್ಯಾಟರಿ ಎತ್ತಿದ್ದರು. ಎಲ್ಲರೂ ಎಲ್ಲರನ್ನೂ ಸಂಶಯದಿಂದ ನೋಡುತ್ತಿದ್ದರು. ಬಾನೆಟ್ ತೆಗೆಯುವ ಹಿಡಿಕೆ ಜೀಪಿನ ಒಳಗಿದೆ, ಒಳಗೆ ಹೋಗಲು ಚಾವಿ ಬೇಕು, ಚಾವಿ ಇರುವುದು ಅಂಬಾರಾಯನ ಜೇಬಿನಲ್ಲಿ.

ಸಾಹುಕಾರರು ಅವನ ಕಡೆ ತಿರುಗಿದರು. "ಏನೋ ಅಂಬಾರಾಯ, ಬಾನೆಟ್ ತೆಗದು ಏನ್ ಮಾಡ್ಲಕತ್ತಿದ್ದಿ?"

"ನಾ ಕೈ ಸುದ್ದಾ ಹಚ್ಚಿಲ್ರಿ ಸಾವ್ಕಾರ್ರ. ಗಾಡಿ ನಿಂದ್ರಿಸಿ ಚಾ ಕುಡಿಲಾಕ ಹೋಗಿದ್ದೆ."

ಸಾಹುಕಾರರು ನನ್ನನ್ನು ಕೇಳಿದರು. "ಮಶೀನ್ ಸುಳ್ಳ ಹೇಳತದೇನು ಮಿಸ್ತ್ರಿ?"

"ಮಶೀನ್ ಯಾಕ ಸುಳ್ಳ ಹೇಳತದ್ರಿ" ಎಂದೆ ನಾನು.

ಹೇಳಿ, ಡಬ್ಬಿಯ ತಂತಿ ಒಮ್ಮೆ ಬಿಚ್ಚಿ ಹಾಕಿ, ಗಾಡಿ ಚಾಲೂ ಮಾಡಿಕೊಟ್ಟು ಬಂದುಬಿಟ್ಟೆ. ಬಾನೆಟ್ ಎತ್ತಿ ಸ್ವಿಚ್ ನೋಡಲಿಲ್ಲ. ಅಂಬಾರಾಯನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ನನ್ನನ್ನೇ ನೋಡುತ್ತ ನಿಂತಿದ್ದ. ಅಂಗಡಿಯಲ್ಲಿ ಇನ್ನೆರಡು ಗಾಡಿ ಕಾಯುತ್ತಿದ್ದವು, ನನಗೆ ಅವಸರ.

ಮುಂದಿನ ತಿಂಗಳು ಮತ್ತೆ ಹಾಗೇ ಆಯಿತಂತೆ. ಈ ಸಲ ನನ್ನನ್ನು ಕರೆಯಲಿಲ್ಲ. ಕರೆಯುವ ಅಗತ್ಯವೇನು, ಮಶೀನು ಸುಳ್ಳು ಹೇಳುವುದಿಲ್ಲ ಎಂದು ಮಿಸ್ತ್ರಿ ಆಗಲೇ ಹೇಳಿಹೋಗಿದ್ದನಲ್ಲ. ಸಾಹುಕಾರರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೈ ಚಾಚಿದರು. ಅಂಬಾರಾಯ ಜೇಬಿನಿಂದ ಚಾವಿ ತೆಗೆದು ಕೊಟ್ಟ. ಅಷ್ಟೇ. ಇದು ನನ್ನ ಕಿವಿಗೆ ಬಿದ್ದಾಗ ಪಾಪ ಅನ್ನಿಸಿತು, ನಿಜ. ಆದರೆ ಆ ಪಾಪದಲ್ಲಿ ನನ್ನದೂ ಪಾಲಿದೆ ಎಂದು ಹೊಳೆಯಲಿಲ್ಲ. ಮನುಷ್ಯರನ್ನು ನಂಬಲಾಗದ ಕಾಲ ಬಂತು ಎಂದು ಹೆಂಡತಿಯ ಮುಂದೆ ದೊಡ್ಡ ಮಾತಾಡಿದ್ದೂ ನೆನಪಿದೆ.

ಇನ್ನೊಂದು ತಿಂಗಳ ಮೇಲೆ ಸಾಹುಕಾರರು ಮತ್ತೆ ಫೋನ್ ಮಾಡಿದರು. ಹೊಸ ಡ್ರೈವರ್ ಬಂದಿದ್ದ, ಜೀಪು ಅದೇ ಜಾಗದಲ್ಲಿ ನಿಂತು ಹೊಯ್ದುಕೊಳ್ಳುತ್ತಿತ್ತು. "ಈ ಡಬ್ಬಿ ಕಿತ್ತಿ ಒಗೀರಿ. ಇದಕಿಂತ ಜೋರಿಂದು ಹೊಸಾದು ಹಾಕ್ರಿ" ಎಂದರು. ನಾನು ಒಳಗೆ ಕುಳಿತೆ. ಕೆಂಪು ದೀಪ ಮೂರು ಸಲ ಮಿಟುಕಿತು.

ಅಂಬಾರಾಯ ಕಮಲಾಪುರದಲ್ಲಿದ್ದಾನೆ. ಹಾಗಾದರೆ ಈಗ ಬಾನೆಟ್ ತೆಗೆದವರು ಯಾರು? ಹೊಸ ಡ್ರೈವರ್ ಎರಡು ದಿನದ ಹಿಂದಷ್ಟೇ ಬಂದವನು, ಅವನಿಗೆ ಬಾನೆಟ್ ಹಿಡಿಕೆ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ನಾನೇ ಕೇಳಿ ನೋಡಿದೆ, ಅವನು ವೈಪರ್ ಗುಂಡಿ ತೋರಿಸಿದ.

"ಸಾವ್ಕಾರ್ರ, ಹೊಸಾದು ಹಾಕಲ್ಲ. ಗಾಡಿ ನನ್ನ ಅಂಗಡ್ಯಾಗ ಬಿಡ್ರಿ. ಇದರ ರೋಗ ಗೊತ್ತಾಗಬೇಕು."

"ಅದ್ಯಾಕ? ಹಳೀದು ತೆಗದು ಬಿಟ್ರ ಆತಲ್ಲ?"

"ರೋಗ ಗೊತ್ತಾಗಲಾರದ ನಾ ಇದಕ್ಕ ಕೈ ಹಚ್ಚಲ್ರಿ" ಎಂದೆ. ಅವರು ಹುಬ್ಬು ಗಂಟಿಕ್ಕಿದರು, ಆದರೆ ಚಾವಿ ಕೊಟ್ಟರು.

ಜೀಪು ಅಂಗಡಿಗೆ ಬಂತು. ಬಂದ ಮರುದಿನದಿಂದ ಮದುವೆ ಮನೆಗೆ ಬಂದ ಬೀಗರ ಹಾಗೆ ಸಭ್ಯವಾಗಿ ನಿಂತುಬಿಟ್ಟಿತು. ದಿನಾ ಬೆಳಿಗ್ಗೆ ರಿಮೋಟ್ ಒತ್ತಿ ಅಲಾರಂ ಹಾಕುತ್ತಿದ್ದೆ, ಸಂಜೆಯವರೆಗೆ ಕಿವಿ ಅತ್ತ ಇಟ್ಟು ಬೇರೆ ಕೆಲಸ ಮಾಡುತ್ತಿದ್ದೆ. ಒಂದು ಸಲವೂ ಹೊಯ್ದುಕೊಳ್ಳಲಿಲ್ಲ. ಬ್ಯಾಟರಿ ನೋಡಿದೆ, ಅರ್ಥಿಂಗ್ ಬಿಚ್ಚಿ ಉಜ್ಜಿ ಕಟ್ಟಿದೆ, ಡಬ್ಬಿ ಬದಲಿಸಿ ನೋಡಿದೆ, ಬಾಗಿಲಿನ ತಂತಿಗಳನ್ನು ಒಂದೊಂದಾಗಿ ಎಳೆದೆ. ಬಾನೆಟ್ ಸ್ವಿಚ್ಚಿಗೆ ಮೀಟರ್ ಹಿಡಿದರೆ ಎಲ್ಲ ಬರೋಬ್ಬರಿ. ನೀರು ಹೋಗುತ್ತಿದೆಯೇನೋ ಎಂದು ಪೈಪು ಹಿಡಿದು ಬಾನೆಟ್ ಮೇಲೆಲ್ಲ ನೀರು ಬಿಟ್ಟೆ. ಬಿಸಿಲಿಗೆ ತಾಸೊಂದರಲ್ಲಿ ಎಲ್ಲ ಒಣಗಿತು, ಜೀಪು ತುಟಿ ಪಿಟಕ್ಕೆನ್ನಲಿಲ್ಲ. ಬಾನೆಟ್ ಹಿಂಭಾಗದ ಸಂದಿಯಲ್ಲಿ ಕಪ್ಪಿರುವೆ ಸಾಲು ಹಿಡಿದಿದ್ದವು. ಅವನ್ನು ಅರಿವೆಯಿಂದ ಒರೆಸಿ ಒಗೆದೆ. ಗಾಡಿಯಲ್ಲಿ ಇರುವೆಗೆ ಏನು ಕೆಲಸ ಎಂದು ಒಂದು ಗಳಿಗೆ ಯೋಚಿಸಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ಪಕ್ಕದ ಪಂಕ್ಚರ್ ಅಂಗಡಿಯ ರಶೀದ್ ಭಾಯಿ ನನ್ನನ್ನು ನೋಡಿ ನೋಡಿ ಬೇಸತ್ತ. "ಯಾಕ್ರೀ ಮಿಸ್ತ್ರಿ, ಗಾಡಿ ಸಂಗಾಟ ಲಗ್ನ ಮಾಡ್ಕೊಂಡೀರೇನು? ಡಬ್ಬಿ ಕಿತ್ತಿ ಎರಡ ತಂತಿ ಜೋಡಿಸ್ರಿ, ಸೀದಾ ಚಾಲೂ ಆಗತದ. ಹತ್ತ ನಿಮಿಷದ ಕೆಲಸ."

ಅವನು ಹೇಳಿದ್ದು ಖರೆ. ಹತ್ತು ನಿಮಿಷ ಸಾಕಿತ್ತು. ಸಾಹುಕಾರರಿಗೆ ಅಷ್ಟೇ ಬೇಕಿತ್ತು, ನನ್ನ ಹೆಸರಿಗೂ ಕುಂದಿರಲಿಲ್ಲ. ಆದರೆ ಡಬ್ಬಿ ಕಿತ್ತರೆ ರೋಗವೂ ಅದರ ಜೊತೆ ಕಸಕ್ಕೆ ಹೋಗುತ್ತಿತ್ತು. ಆಮೇಲೆ ಅಂಬಾರಾಯ ತೆಗೆಯಲಿಲ್ಲ ಎಂದು ತೋರಿಸಲು ಜಗತ್ತಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನು ಸಾಯುವ ತನಕ ಬಾನೆಟ್ ತೆಗೆದವನೇ ಆಗುತ್ತಿದ್ದ. ಇಲ್ಲ, ಈ ಗಾಡಿ ನನ್ನ ಕಣ್ಣೆದುರಿಗೆ ಒಮ್ಮೆ ಹೊಯ್ದುಕೊಳ್ಳಲೇಬೇಕು, ಅಲ್ಲಿಯವರೆಗೆ ಅಂಗಡಿಯಿಂದ ಹೊರಗೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಹದಿನಾರನೆಯ ದಿನ ಅಂಗಡಿಗೆ ಬೀಗ ಹಾಕಿ ಕಮಲಾಪುರದ ಬಸ್ ಹತ್ತಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು. ಬಸ್ಸಿನಲ್ಲಿ ಕುಳಿತಾಗ ತಲೆಯ ಮೇಲೆ ಉಸ್ತಾದರ ಕೈ ಬಿದ್ದಂತೆಯೇ ಇತ್ತು.

ಅಂಬಾರಾಯ ಬಸ್ ಸ್ಟ್ಯಾಂಡಿನ ಎದುರಿಗೆ ತನ್ನ ಅಳಿಯನ ಬಂಡಿಯ ಮೇಲೆ ಕೆಂಪು ಬಾಳೆಹಣ್ಣು ಜೋಡಿಸುತ್ತಿದ್ದ. ನನ್ನನ್ನು ಕಂಡರೂ ಕಾಣದವನಂತೆ ಗೊನೆ ತಿರುಗಿಸಿದ. ನಾನು ಬಂಡಿಯ ಪಕ್ಕ ನಿಂತೆ. ಗಿರಾಕಿಗಳು ಬಂದರು, ಹೋದರು. ಅರ್ಧ ತಾಸಾದ ಮೇಲೆ ಅವನೇ ಕೇಳಿದ.

"ಹಣ್ಣ ಬೇಕೇನ್ರಿ ಮಿಸ್ತ್ರಿ?"

"ಇಲ್ಲ ಅಂಬಾರಾಯ. ನಿನಗ ಕೇಳೋದದ. ಗಾಡಿ ಹೊಯ್ಕೊಂಡ ದಿನ ಏನೇನು ಆಗಿತ್ತು?"

ಅವನು ನಕ್ಕ. ಅಂಥ ನಗುವನ್ನು ನಾನು ಇನ್ನೊಮ್ಮೆ ನೋಡುವುದು ಬೇಡ. "ಅವತ್ತ ಕೇಳಲಿಲ್ಲ, ಇವತ್ತ ಕೇಳಲಾಕ ಬಂದೀರಿ. ನನಗ ಯಾರೂ ಗಾಡಿ ಕೊಡವಲ್ರು ಗೊತ್ತದ ಏನು? ಟ್ರ್ಯಾಕ್ಟರ್ ಓಡಸ್ತೀನಿ ಅಂತ ಕೇಳಿದ್ರ, ಬ್ಯಾಟರಿ ಮ್ಯಾಲ ಕಣ್ಣ ಇಡಬ್ಯಾಡ ಅಂತ ನಗಚಾಟಿಗಿ ಅಂತಾರ. ನಗಚಾಟಿಗಿ ಅಂದಿದ್ದ ಅದು, ನಾ ಮನಿಗಿ ಹೋಗಿ ಉಣ್ಣಲಿಲ್ಲ."

"ತಪ್ಪ ನಂದೇ ಅದ ಅಂತ ಅನಸ್ಲಕತ್ತದ. ಆದ್ರ ಅನಸೋದರಿಂದ ನಡಿಯಲ್ಲ, ಗೊತ್ತಾಗಬೇಕು. ನೀ ಹೇಳಿದ್ರ ಗೊತ್ತಾಗತದ" ಎಂದೆ. ಅವನು ತಾಸು ಹೊತ್ತು ಬಂಡಿ ನೋಡಿಕೊಳ್ಳಲು ಅಳಿಯನಿಗೆ ಹೇಳಿ, ನನ್ನನ್ನು ಕರೆದುಕೊಂಡು ಹೋಗಿ ಬೇವಿನ ಕಟ್ಟೆಯ ಮೇಲೆ ಕೂಡಿಸಿದ.

ಒಂದೊಂದಾಗಿ ಕೇಳಿದೆ. ಎರಡು ಸಲವೂ ಯಾವ ದಿನ? ಅಮಾವಾಸ್ಯೆಯ ಮರುದಿನ ಎಂದು ಅವನು ತಡವರಿಸದೆ ಹೇಳಿದ. ಅಮಾವಾಸ್ಯೆಯ ದಿನ ಗಂಜ್ ಬಂದ್ ಇರುತ್ತದೆ, ಅಂದು ಸಂಜೆ ಸಾಹುಕಾರರ ಮನೆಯಲ್ಲಿ ಜೀಪಿಗೆ ಪೂಜೆ. ಮನೆಯ ಗೇಟಿನೊಳಗೆ ನಿಲ್ಲಿಸುವುದರಿಂದ ಅಲ್ಲಿ ಅಲಾರಂ ಹಾಕುವುದಿಲ್ಲ. ಮರುದಿನ ಗಂಜ್‌ಗೆ ತಂದು ನಿಲ್ಲಿಸಿದಾಗಲೇ ರಿಮೋಟ್ ಒತ್ತುವುದು.

"ಪೂಜಾಕ್ಕ ಮುಂಚೆ ತೊಳಿತೀಯೇನು?"

"ಒದ್ದಿ ಅರಬಿಲಿಂದ ಒರಸ್ತೀನ್ರಿ. ನೀರ ಹೊಡಿಯಲ್ಲ, ಬಣ್ಣ ಹೋಗತದ."

"ಪೂಜಾ ಹ್ಯಾಂಗ ಮಾಡ್ತಾರ?"

"ಹ್ಯಾಂಗ ಅಂದ್ರ? ಇಬತ್ತಿ, ಕುಂಕುಮ, ಊದಿನಕಡ್ಡಿ. ಆಮ್ಯಾಲ ಕಾಯಿ ಒಡದು ನೀರ ಹಾಕ್ತಾರ."

"ಎಲ್ಲಿ ಹಾಕ್ತಾರ?"

ಅವನು ನೆನಪು ಮಾಡಿಕೊಂಡು ನಿಧಾನ ಹೇಳಿದ: "ಮೊದಲ ನಾಕೂ ಗಾಲಿಗಿ ಹಾಕ್ತಿದ್ರು. ಈಗ ಮೂರ ತಿಂಗಳಿಂದ ಸಾವ್ಕಾರ್ರಿಗಿ ಮಣಕಾಲ ಬ್ಯಾನಿ. ಬಗ್ಗಲಾಕ ಬರಲ್ಲ. ನಿಂತಲ್ಲಿಂದನೇ ಗಾಜಿನ ಬುಡಕ್ಕ, ಬಾನೆಟ್ ಮ್ಯಾಲ ಸುರೀತಾರ್ರಿ."

ಇರುವೆಗಳಿಗೆ ಗಾಡಿಯಲ್ಲಿ ಏನು ಕೆಲಸ ಎಂಬುದು ನನಗೆ ಆಗ ತಿಳಿಯಿತು. ಕಟ್ಟೆಯಿಂದ ಎದ್ದು ನಿಂತುಬಿಟ್ಟೆ. ಅವನು ಏನಾತ್ರಿ ಎಂದು ಕೇಳಿದರೂ ಹೇಳಲಿಲ್ಲ. ಇನ್ನೊಮ್ಮೆ ನೋಡದೆ ಬಾಯಿ ತೆರೆಯುವ ಧೈರ್ಯ ನನಗಿರಲಿಲ್ಲ.

ಕಲಬುರಗಿಯಲ್ಲಿ ಇಳಿದವನು ಒಂದು ತೆಂಗಿನಕಾಯಿ ಕೊಂಡುಕೊಂಡೇ ಅಂಗಡಿಗೆ ಹೋದೆ. ಸಂಜೆಯಾಗಿತ್ತು. ಜೀಪಿನ ಎದುರು ಕಾಯಿ ಒಡೆದು, ನಿಂತಲ್ಲಿಂದಲೇ ಗಾಜಿನ ಬುಡಕ್ಕೆ ನೀರು ಸುರಿದೆ. ರಶೀದ್ ಭಾಯಿ ಪಂಕ್ಚರ್ ಕೆಲಸ ಬಿಟ್ಟು ಬಂದು ನೋಡಿದ. ಮಿಸ್ತ್ರಿಗೆ ತಲೆ ಕೆಟ್ಟಿದೆ, ಇನ್ನು ಪೂಜೆಗೆ ಇಳಿದಿದ್ದಾನೆ ಎಂದುಕೊಂಡಿರಬೇಕು. ಕಾಯಿಯ ಒಂದು ಹೋಳು ಅವನ ಕೈಗೆ ಕೊಟ್ಟು ಮನೆಗೆ ಹೋದೆ.

ಬೆಳಿಗ್ಗೆ ಶಟರ್ ಎತ್ತಿದೆ, ರಿಮೋಟ್ ಒತ್ತಿದೆ, ಸ್ಟೂಲಿನ ಮೇಲೆ ಕುಳಿತೆ. ಐದು ನಿಮಿಷವಾಗಿರಲಿಲ್ಲ, ಜೀಪು ಹೊಯ್ದುಕೊಂಡಿತು. ಸ್ಟೇಶನ್ ಬಜಾರಕ್ಕೆಲ್ಲ ಕೇಳುವಂತೆ ಹೊಯ್ದುಕೊಂಡಿತು. ನನಗೆ ಆದ ಸಂತೋಷ ಇಷ್ಟಷ್ಟಲ್ಲ. ಒಳಗೆ ಕುಳಿತು ದೀಪ ನೋಡಿದೆ: ಮೂರು ಸಲ. ಬಾನೆಟ್ಟಿಗೆ ಆವರೆಗೆ ಯಾರೂ ಕೈ ಹಚ್ಚಿರಲಿಲ್ಲ, ಅಂಗಡಿಯಲ್ಲಿ ನಾನೊಬ್ಬನೇ.

ಆಮೇಲೆ ಬಾನೆಟ್ ಎತ್ತಿದೆ, ಸಂತೋಷ ಅಲ್ಲೇ ಇಳಿಯಿತು. ಮಳೆನೀರು ಹರಿದುಹೋಗಲು ಗಾಜಿನ ಕೆಳಗೆ ಒಂದು ಸಣ್ಣ ಕಾಲುವೆ ಇರುತ್ತದೆ. ಪಿನ್ ಸ್ವಿಚ್ ಕೂತಿದ್ದು ಸರಿಯಾಗಿ ಅದರ ನಡುವೆ. ಬರೀ ನೀರಾದರೆ ಹರಿದು ಒಣಗಿಹೋಗುತ್ತದೆ, ಹನ್ನೆರಡು ಮಳೆಗಾಲ ಹಾಗೇ ಹೋಗಿತ್ತು. ಕಾಯಿ ನೀರು ಅಂಟು. ಅದು ರಬ್ಬರಿನ ಕೆಳಗೆ ಇಳಿದು, ಎರಡು ದಿನ ಹಸಿಯಾಗಿಯೇ ಉಳಿದು, ತನ್ನ ಮೂಲಕ ಕರೆಂಟ್ ಹಾಯಲು ಬಿಟ್ಟು, ಪಿನ್ ಮೇಲೆ ಎದ್ದಿದೆ ಎಂದು ಡಬ್ಬಿಗೆ ಸುಳ್ಳು ಸುದ್ದಿ ಕೊಡುತ್ತಿತ್ತು. ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮೀಟರ್ ಹಿಡಿದು ಎಲ್ಲ ಬರೋಬ್ಬರಿ ಎಂದು ನಾನು ನೋಡಿದ್ದು ಅದು ಒಣಗಿದ ಮೇಲೆ.

ಆ ಸ್ವಿಚ್ಚನ್ನು ಅಲ್ಲಿ ಕೂರಿಸಿದವನು ಯಾರು? ಅಲ್ಲಿ ಮೊದಲೇ ಒಂದು ತೂತು ಇತ್ತು. ಪಕ್ಕದ ಎತ್ತರದ ಒಣ ಜಾಗದಲ್ಲಿ ಕೂರಿಸಬೇಕಾದರೆ ಡ್ರಿಲ್ ಹಿಡಿದು ಹೊಸ ತೂತು ಹೊಡೆಯಬೇಕು, ಕಾಲು ಗಂಟೆ ಹೆಚ್ಚು. ತಂತಿಗೆ ಬೆಸುಗೆ ಹಾಕದೆ ಬರೀ ತಿರುಚಿ, ಮೇಲೆ ಮೂರು ಸುತ್ತು ಟೇಪ್ ಹಚ್ಚಿ ದಾರ ಕಟ್ಟಿದ್ದರು. ಹಾಗೆ ದಾರ ಕಟ್ಟುವ ಚಾಳಿ ಈ ಊರಿನಲ್ಲಿ ನನ್ನೊಬ್ಬನದೇ. ನನ್ನ ಕೈಯ ಗುರುತು ನನ್ನನ್ನೇ ನೋಡುತ್ತಿತ್ತು. ನಾಚಿಕೆಯಾಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ಅರಿವೆಯಿಂದ ಮುಖ ಒರೆಸಿಕೊಂಡೆ.

ಹೊಸ ತೂತು ಹೊಡೆದು, ಎತ್ತರದಲ್ಲಿ ಹೊಸ ಸ್ವಿಚ್ ಕೂರಿಸಿ, ಬೆಸುಗೆ ಹಾಕಿ, ಇನ್ನೊಂದು ಕಾಯಿ ಒಡೆದು ಸುರಿದು, ಎರಡು ದಿನ ಕಾದು ನೋಡಿದೆ. ಜೀಪು ಉಸಿರೆತ್ತಲಿಲ್ಲ. ಹಳೆಯ ಸ್ವಿಚ್ಚನ್ನು ಅದರ ಕಿಲುಬಿನ ಸಮೇತ ಜೇಬಿಗೆ ಹಾಕಿಕೊಂಡು ಸಾಹುಕಾರರ ಬಳಿ ಹೋದೆ. ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಸ್ವಿಚ್ಚನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದರು.

"ಕಾಯಿ ನೀರಿಗಿ ಹಿಂಗಾತಾ?" ಎಂದರು. ಆಮೇಲೆ ಮಂಡಿಯ ಮೇಲೆ ಕೈ ಇಟ್ಟುಕೊಂಡು, "ಅಂವ ಒಂಬತ್ತ ವರ್ಷ ನಮ್ಮ ಮಕ್ಕಳಿಗಿ ಸಾಲಿಗಿ ಬಿಟ್ಟು ಬಂದಾನ ಮಿಸ್ತ್ರಿ. ಫೋನ್ ಹಚ್ಚಿ ಬಾ ಅನ್ರಿ. ನಾಳಿಂದನೇ ಬರ್ಲಿ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ.

ಫೋನ್ ಮಾಡಲಿಲ್ಲ, ನಾನೇ ಹೋದೆ. ಅಂಬಾರಾಯ ಎಲ್ಲವನ್ನೂ ಕೇಳಿಸಿಕೊಂಡ. ಕೈಯಲ್ಲಿದ್ದ ಹಣ್ಣಿನ ಚಿಪ್ಪನ್ನು ಬಂಡಿಯ ಮೇಲಿಟ್ಟ.

"ಸಾವ್ಕಾರ್ರಿಗಿ ಹೇಳಿದ್ರಿ, ನನಗ ಹೇಳಿದ್ರಿ. ಆದ್ರ ಅವತ್ತ ನಮ್ಮಿಬ್ಬರಿಗೇ ಹೇಳಿರಲಿಲ್ಲ ನೀವು. ಗಂಜ್‌ನಾಗ ನಾಕ ಮಂದಿ ಎದುರ ಅಂದಿದ್ರಿ. ಅಲ್ಲೇ ಬಂದು ಹೇಳ್ರಿ."

"ಹೇಳ್ತೀನಿ ನಡಿ" ಎಂದೆ.

ಮರುದಿನ ಬೆಳಿಗ್ಗೆ ಗಂಜ್ ತುಂಬಿದ ಹೊತ್ತಿಗೆ ಅದೇ ಜಾಗದಲ್ಲಿ ನಿಂತೆ. ಹಮಾಲರಿಗೆ ಚೀಲ ಇಳಿಸಿ ಬರಲು ಹೇಳಿದೆ, ಅಕ್ಕಪಕ್ಕದ ಅಂಗಡಿಯವರನ್ನು ಕರೆದೆ. ಸ್ವಿಚ್ಚನ್ನು ಎತ್ತಿ ಹಿಡಿದು ಹೇಳಿದೆ: "ಮೂರ ತಿಂಗಳ ಹಿಂದ, ಬಾನೆಟ್ ಯಾರೋ ತೆಗದಾರ ಅಂತ ಇಲ್ಲೇ ನಿಂತು ಅಂದಿದ್ದೆ. ಯಾರೂ ತೆಗದಿರಲಿಲ್ಲ. ಈ ಸ್ವಿಚ್ ತಪ್ಪ ಜಾಗಾದಾಗ ಹಚ್ಚಿದಂವ ನಾನು. ನೋಡಲಾರದ ಬಾಯಿ ಬಿಟ್ಟಂವನೂ ನಾನೇ. ಅಂಬಾರಾಯ ಗಾಡಿಗಿ ಕೈ ಸುದ್ದಾ ಹಚ್ಚಿರಲಿಲ್ಲ. ಇಷ್ಟ ಮಂದಿ ಎದುರು ಅವನಿಗಿ ಮಾಫಿ ಕೇಳ್ತೀನಿ."

ಒಬ್ಬ ಮುದುಕ ಹಮಾಲ, "ನಾ ಅವತ್ತೇ ಅಂದಿದ್ದೆ" ಎಂದ. ಅವನು ಅಂದಿರಲಿಲ್ಲ, ಇರಲಿ.

ಸಾಹುಕಾರರು ಕಟ್ಟೆಯಿಂದ ಕಷ್ಟಪಟ್ಟು ಇಳಿದು ಬಂದು ಚಾವಿ ಚಾಚಿದರು. ಅಂಬಾರಾಯ ತೆಗೆದುಕೊಂಡ. ಒಳಗೆ ಕೈ ಹಾಕಿ ಹಿಡಿಕೆ ಎಳೆದು, ಎಲ್ಲರ ಎದುರು ಬಾನೆಟ್ ಎತ್ತಿದ. ಆಯಿಲ್ ನೋಡಿದ, ಬ್ಯಾಟರಿಯ ಮೇಲಿನ ಧೂಳು ಒರೆಸಿದ, ಮೆಲ್ಲಗೆ ಮುಚ್ಚಿದ. ಜೀಪು ಒಂದೇ ಸೆಲ್ಫ್‌ಗೆ ಚಾಲೂ ಆಯಿತು. ಗಂಜ್ ಸುತ್ತ ಒಂದು ಸುತ್ತು ನಿಧಾನ ಹೊಡೆದು ಬಂದು ಅದೇ ಜಾಗದಲ್ಲಿ ನಿಲ್ಲಿಸಿದ. ಇಳಿದು ಚಾವಿಯನ್ನು ಸಾಹುಕಾರರ ಅಂಗೈಯಲ್ಲಿಟ್ಟ.

"ಗಾಡಿ ಚಲೋ ಅದ್ರಿ ಸಾವ್ಕಾರ್ರ. ಹೊಸಾ ಹುಡುಗಗ ಹೇಳ್ರಿ, ಮೂರನೇ ಗೇರ್ ಜರಾ ಮೆತ್ತಗ ಹಾಕಬೇಕು."

ಸಾಹುಕಾರರು ಏನೋ ಹೇಳಲು ಹೋದರು. ಅವನು ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ. ನಾನು ಹಿಂದೆಯೇ ಹೋದೆ. ಕಮಲಾಪುರದ ಬಸ್ಸಿನ ಬಾಗಿಲಲ್ಲಿ ಅವನನ್ನು ಹಿಡಿದು ನಿಲ್ಲಿಸಿ ಕೇಳಿದೆ: "ಎಲ್ಲಾ ಸರಿ ಆತಲ್ಲ ಅಂಬಾರಾಯ, ಇನ್ನ ಏನ ಉಳೀತು?"

"ಇಲ್ಲಿ ಸರಿ ಆತ್ರಿ" ಎಂದ ಅವನು. "ಆದ್ರ ನಾ ಇರೋದು ಇಲ್ಲಲ್ಲ. ನಮ್ಮೂರಾಗ ನಾ ಇನ್ನಾ ಕಳ್ಳನೇ ಇದ್ದೀನಿ."

ಹೇಳಿ ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತ. ಸ್ವಿಚ್ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ ಅಂಬಾರಾಯನ ಪಕ್ಕದಲ್ಲಿ ಕುಳಿತು, "ಎರಡು ಕಮಲಾಪುರ ಕೊಡ್ರಿ" ಎಂದೆ.